ತೊಟ್ಟಿಲು ದಾರಿಯ ಗರಿಕೆ

ನಮ್ಮೂರಿನಲ್ಲಿ ಅನ್ನಕ್ಕಿಡುವವರು ಮನೆಮಂದಿಗೆ ಬೇಕಾದ್ದಕ್ಕಿಂತ ಒಂದು ಹಿಡಿ ಅಕ್ಕಿಯನ್ನು ಹೆಚ್ಚಿಗೆ ಹಾಕುತ್ತಾರೆ. ಯಾವ ಹೊತ್ತಿನಲ್ಲಿ ದಾರಿ ಯಾರನ್ನು ತಂದು ಬಾಗಿಲಲ್ಲಿ ನಿಲ್ಲಿಸುತ್ತದೋ ಹೇಳಲು ಬರುವುದಿಲ್ಲ. ಅಂಚಿನ ಹುಲ್ಲು ಗಟ್ಟಿಯಾಗಿರುವವರೆಗೆ ದಾರಿ ಇದ್ದಲ್ಲೇ ಇರುತ್ತದೆ. ಹುಲ್ಲು ಸೊರಗಿದರೆ ಜಾರುತ್ತದೆ. ನಿನ್ನೆ ಹಿಟ್ಟಿನ ಗಿರಣಿಗೆ ಕರೆದೊಯ್ದ ದಾರಿಯೇ ಇವತ್ತು ದರ್ಜಿಯ ಜಗಲಿಗೆ ಹೋಗಿ ನಿಂತುಬಿಡುತ್ತದೆ. ಹಾಗೆ ಬಂದವರನ್ನು ನಾವು ‘ದಾರಿ ತಂದವರು’ ಎನ್ನುತ್ತೇವೆ. ಯಾಕೆ ಬಂದಿರಿ ಎಂದು ಅವರನ್ನು ಕೇಳುವುದು ಮರ್ಯಾದೆಯಲ್ಲ. ಮಜ್ಜಿಗೆ ಕೊಡಬೇಕು, ಊಟದ ಹೊತ್ತಾಗಿದ್ದರೆ ತಟ್ಟೆ ಹಾಕಬೇಕು, ದಾರಿ ತಿರುಗಿ ತನ್ನ ಜಾಗಕ್ಕೆ ಬರುವತನಕ ಅದೂ ಇದೂ ಮಾತಾಡುತ್ತಿರಬೇಕು. ನನ್ನ ಅಪ್ಪ ಹೆಣ್ಣು ನೋಡಲು ಹೊರಟು, ಹೂವಿನ ಬೀದಿ ಸೇರಬೇಕಾದವರು ಬಳೆಗಾರರ ಓಣಿ ಸೇರಿದರು. ಅಲ್ಲಿ ಮಜ್ಜಿಗೆ ತಂದುಕೊಟ್ಟ ಹುಡುಗಿಯೇ ನನ್ನ ಅಮ್ಮ. ಅಪ್ಪ ಇದ್ದಷ್ಟು ದಿನವೂ ಆ ವರ್ಷ ಸೊರಗಿದ ಹುಲ್ಲನ್ನು ನೆನೆದು ಕೈಮುಗಿಯುತ್ತಿದ್ದರು. ಅಮ್ಮ ಮಾತ್ರ, “ಆ ಹುಲ್ಲು ಇನ್ನು ನಾಲ್ಕು ದಿನ ತಡೆದಿದ್ರೆ ನಾನು ಬದುಕ್ಕೋತಿದ್ದೆ” ಎಂದು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು.

ದಾರಿ ಬಿಟ್ಟು ನೆಲದ ಮೇಲೆ ಅಡ್ಡ ಹಾಯ್ದು ನೋಡಿದವರೂ ಇದ್ದಾರೆ. ಅರ್ಧ ದಿನ ಬೆವರು ಸುರಿಸಿ ನಡೆದು ಕೊನೆಗೆ ತಮ್ಮ ಮನೆಯ ಹಿತ್ತಲಿಗೇ ಬಂದು ಸೇರುತ್ತಾರೆ. ಮಕ್ಕಳು ಒಮ್ಮೆ ಮಾಡಿ ನೋಡುತ್ತಾರೆ, ಆಮೇಲೆ ಬಿಡುತ್ತಾರೆ. ಹಾಗಾಗಿ ನಮಗೆ ದಾರಿ ಎಂದರೆ ಹುಲ್ಲು, ಹುಲ್ಲು ಎಂದರೆ ದಾರಿ.

ದಾರಿ ತಂದವರು ಮನೆಗೆ ಬಂದಾಗ ಅಡುಗೆಮನೆಯ ಕದದ ಹಿಂದೆ ನಿಲ್ಲುವವಳು ನಾನು. ಹೆಸರು ವಾರಿಜಾ. ಸಸ್ಯಶಾಸ್ತ್ರ ಓದಿ ಪದವಿ ಪಡೆದದ್ದಾಯಿತು, ಸಂದರ್ಶನಗಳಲ್ಲಿ ಬಾಯಿ ಒಣಗಿ ಕೂತದ್ದಾಯಿತು, ಮನೆಗೆ ಬಂದು ಅಲ್ಲಿ ಹೇಳಬೇಕಾಗಿದ್ದ ಉತ್ತರಗಳನ್ನೆಲ್ಲ ದಿನಚರಿಯಲ್ಲಿ ದುಂಡಗೆ ಬರೆದದ್ದೂ ಆಯಿತು. ಊರಿನ ದಾರಿ ಕಚೇರಿಯವರು ಹುಲ್ಲು ನೋಡಿಕೊಳ್ಳಲು ಓದಿದವರೊಬ್ಬರು ಬೇಕೆಂದಾಗ ಸಂದರ್ಶನವಿಲ್ಲವೆಂದು ಕೇಳಿಯೇ ನಾನು ಅರ್ಜಿ ಹಾಕಿದ್ದು. ಆ ಸುದ್ದಿ ಕೇಳಿ ನನ್ನ ಅತ್ತಿಗೆ ನಾಗವೇಣಿ ಒರಳುಕಲ್ಲಿನ ಮುಂದೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಸರಿಯಾದ ಜೋಡಿ ಕಣೆ ವಾರಿ. ಅದೂ ಮಾತಾಡಲ್ಲ, ನೀನೂ ಆಡಲ್ಲ. ಸಂಸಾರ ಚೆನ್ನಾಗಿ ನಡೆಯುತ್ತೆ.”

ಚೆನ್ನಾಗಿಯೇ ನಡೆಯಿತು. ಹುಲ್ಲು ನೋಡಿಕೊಳ್ಳುವುದು ಕಷ್ಟದ ಕೆಲಸವಲ್ಲ, ಗಮನದ ಕೆಲಸ. ಗರಿಕೆಯನ್ನು ನಾಲ್ಕು ಬೆರಳಿಗಿಂತ ಕಡಿಮೆ ಕತ್ತರಿಸಬಾರದು. ಎಷ್ಟೇ ಬೆಳೆದಿದ್ದರೂ ಒಮ್ಮೆಗೆ ಮೂರರಲ್ಲಿ ಒಂದು ಪಾಲು ಮಾತ್ರ ತೆಗೆಯಬೇಕು. ಕುಡುಗೋಲು ಮೊಂಡಾಗಿದ್ದರೆ ಆ ದಿನ ಕೆಲಸಕ್ಕೆ ಹೋಗದಿರುವುದೇ ಮೇಲು, ಹರಿದ ತುದಿ ಹಳದಿಯಾಗುತ್ತದೆ. ಕತ್ತರಿಸಿದ್ದನ್ನು ಗುಡಿಸಿ ಒಯ್ಯದೆ ಅಲ್ಲೇ ತೆಳುವಾಗಿ ಹರಡಬೇಕು. ಇದನ್ನೆಲ್ಲ ನನಗೆ ಕಲಿಸಿದ್ದು ಪುಸ್ತಕವಲ್ಲ, ಹುಲ್ಲಾಳುಗಳ ಯಜಮಾನ ಈರಬಸಪ್ಪ. ಎಪ್ಪತ್ತು ದಾಟಿದ ಮುದುಕ. ಹುಲ್ಲಿನ ಮೇಲೆ ಅಂಗೈ ಊರಿ, “ಇದು ಚೆನ್ನಾಗೈತೆ”, “ಇದು ಮುನಿಸ್ಕೊಂಡೈತೆ” ಎನ್ನುತ್ತಿದ್ದ. ನಾನು ಅವನನ್ನು ತಾತ ಎನ್ನುತ್ತಿದ್ದೆ. ದಿನಕ್ಕೆ ಹತ್ತು ಮಾತು ಆಡುತ್ತಿದ್ದರೆ ಅದರಲ್ಲಿ ಎಂಟು ಅವನ ಜೊತೆ.

ನಮ್ಮ ದಾರಿಗಳಲ್ಲೆಲ್ಲ ಊರಿಗೆ ಹೆಚ್ಚು ಮುದ್ದಿನದು ತೊಟ್ಟಿಲು ದಾರಿ. ಊರ ಬುಡದ ಬಾವಿಯಿಂದ ಹೊರಟು ದಿಣ್ಣೆ ಹತ್ತಿ, ನಡುವೆ ಮೊಣಕೈಯಂತೆ ಒಮ್ಮೆ ತಿರುಗಿ, ಮೇಲಿನ ಹೆರಿಗೆ ಮನೆಗೆ ಮುಟ್ಟುತ್ತದೆ. ಊರಿನ ಅರ್ಧ ಜನ ಹುಟ್ಟಿದ್ದು ಅಲ್ಲೇ. ಸೂಲಗಿತ್ತಿ ತುಂಗಮ್ಮ ಇರುವುದೂ ಅಲ್ಲೇ. ಹೆರಿಗೆ ಮನೆಯ ಆಚೆಗೆ ಗಾಳಿ ಬಯಲಿದೆ. ಬೆಳಿಗ್ಗೆ ಸಂಜೆ ಜನ ಅಲ್ಲಿಗೆ ತಿರುಗಾಡಲು ಹೋಗುತ್ತಾರೆ. ದಿಣ್ಣೆಯ ಮೇಲೆ ನೀರಿಲ್ಲ. ಮಳೆಗಾಲದಲ್ಲಿ ತುಂಬಿದ ಕಲ್ಲುತೊಟ್ಟಿ ಚಳಿಗಾಲಕ್ಕೆಲ್ಲ ಒಣಗಿರುತ್ತದೆ. ತುಂಗಮ್ಮ ಹೊತ್ತು ತಂದ ನೀರಲ್ಲಿ ಅಳತೆಯಿಂದ ಬದುಕುವವಳು. ನೋವು ಶುರುವಾದ ಮೇಲೆ ಬಾ, ಮೂರನೇ ದಿನ ಕೂಸಿನ ಜೊತೆ ಇಳಿದು ಹೋಗು ಎನ್ನುವುದು ಅವಳ ಕಟ್ಟಳೆ.

ಈ ದಾರಿಗೆ ಮಾತ್ರ ಒಂದು ಪದ್ಧತಿಯಿದೆ. ಗಂಗವ್ವನ ಚೊಂಬು. ಈರಬಸಪ್ಪನ ಹೆಂಡತಿ ಗಂಗವ್ವ, ಮಳೆ ಬಾರದ ಒಂದು ವರ್ಷ, ಬಾವಿಯ ನೀರು ಹೊತ್ತು ಹುಲ್ಲಿಗೆ ಹಾಕಿ ದಾರಿಯನ್ನು ಉಳಿಸಿದಳಂತೆ. ಅವಳು ಹೋದ ಮೇಲೆ ಬಾವಿಯ ಪಕ್ಕದ ಗೋಡೆಗೆ ಮೊಳೆ ಹೊಡೆದು ಜನ ಚೊಂಬುಗಳನ್ನು ತೂಗುಹಾಕಿದರು. ದಾರಿ ಹತ್ತುವವರು ಒಂದು ಚೊಂಬು ತುಂಬಿಕೊಂಡು ಅಂಚಿನ ಹುಲ್ಲಿಗೆ ಚಿಮುಕಿಸುತ್ತ ಹೋಗಬೇಕು. ಮದುಮಕ್ಕಳು, ಮೇಷ್ಟರು, ಬಸುರಿಯರು, ಇವತ್ತು ತಾನೇ ನಡೆಯಲು ಕಲಿತ ಮಗು, ಯಾರಾದರೂ ಸರಿ. ಖಾಲಿ ಕೈಯಲ್ಲಿ ತೊಟ್ಟಿಲು ದಾರಿ ಹತ್ತಿದವನಿಗೆ ಹೆಣ್ಣು ಕೊಡುವಾಗ ನಮ್ಮೂರಿನವರು ಎರಡು ಸಲ ಯೋಚಿಸುತ್ತಾರೆ.

ಅತ್ತಿಗೆಗೆ ದಿನ ತುಂಬಲು ಇನ್ನೂ ಏಳು ವಾರ ಇರುವಾಗ ತೊಟ್ಟಿಲು ದಾರಿ ಜಾರಿತು. ಸಂಜೆ ತಿರುಗಾಡಲು ಹೋದವರೆಲ್ಲ ಇಟ್ಟಿಗೆ ಗೂಡಿಗೆ ಹೋಗಿ ಸೇರಿದರು. ಗೂಡಿನವರು ಅಷ್ಟೂ ಜನಕ್ಕೆ ಮಜ್ಜಿಗೆ ಹೊಂದಿಸಲಾಗದೆ ನೀರಿಗೆ ಉಪ್ಪು ಹಾಕಿ ಕೊಟ್ಟರಂತೆ. ಮರುದಿನ ಮಧ್ಯಾಹ್ನಕ್ಕೆ ದಾರಿ ಮರಳಿತು. ಜನ ಅದನ್ನು ಹೇಳಿಕೊಂಡು ನಕ್ಕರು. ನಮ್ಮ ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ. ಅತ್ತಿಗೆಗೆ ಇದು ಮೂರನೆಯ ಬಸಿರು, ಮೊದಲಿನ ಎರಡೂ ನಿಂತಿರಲಿಲ್ಲ. ಈ ಸಲ ತುಂಗಮ್ಮ ಹೊಟ್ಟೆ ಮುಟ್ಟಿ ನೋಡಿ, “ಕೂಸು ಅಡ್ಡ ಇದೆ, ತಿರುಗಿಸೋಕೆ ನನ್ನ ಕೈ ಬೇಕು, ನನ್ನ ಮಂಚ ಬೇಕು. ಮನೇಲೇ ಹೆರ್ತೀನಿ ಅಂತ ಕೂತ್ಕೋಬೇಡ” ಎಂದು ಖಡಾಖಂಡಿತವಾಗಿ ಹೇಳಿದ್ದಳು. ನೋವು ಬಂದ ಹೊತ್ತಿಗೆ ದಾರಿ ಇಟ್ಟಿಗೆ ಗೂಡಿಗೆ ಹೋದರೆ? ಅಣ್ಣ ಗಿರಣಿಯಿಂದ ಬಂದು ಹಿಟ್ಟು ಮೆತ್ತಿದ ಕೈಯನ್ನು ತೊಳೆಯುತ್ತ ಬಹಳ ಹೊತ್ತು ಬಚ್ಚಲಲ್ಲೇ ನಿಂತಿದ್ದ.

ನಾನು ಮರುದಿನ ಸಲಾಕೆ ಹಿಡಿದು ಮೊಣಕೈ ತಿರುವಿಗೆ ಹೋದೆ. ನೋಡುವುದಕ್ಕೆ ಹುಲ್ಲು ಹಚ್ಚಹಸಿರು. ಆದರೆ ಅಂಚಿಗೆ ಸಲಾಕೆ ತೂರಿಸಿ ಮೀಟಿದರೆ ಇಡೀ ಹುಲ್ಲು ಚಾಪೆಯಂತೆ ಸುರುಳಿ ಸುತ್ತಿಕೊಂಡು ಬಂದುಬಿಟ್ಟಿತು. ಬೇರು ಒಂದು ಬೆರಳುದ್ದ. ಅದರ ಕೆಳಗಿನ ಮಣ್ಣು ಸುಟ್ಟ ಇಟ್ಟಿಗೆಯಷ್ಟು ಒಣ. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತಿರುವಾಗ ಮೂವರು ಬಂದರು, ಮೂವರೂ ಪ್ರೀತಿಯಿಂದ ಅರ್ಧರ್ಧ ಚೊಂಬು ಚಿಮುಕಿಸಿದರು. ನೀರು ಬೆರಳಿನ ಉಗುರಿನಷ್ಟು ಇಳಿದು ನಿಂತಿತು. ಬಾಯಿಗೇ ಬಂದು ಬೀಳುವ ನೀರು ಬಿಟ್ಟು ಯಾವ ಬೇರು ಕೆಳಗೆ ಹುಡುಕಿಕೊಂಡು ಹೋಗುತ್ತದೆ?

ನನಗೆ ಹೊಳೆದದ್ದು ನಿಜವೋ ಸುಳ್ಳೋ ನೋಡಲು ಅಲ್ಲಿಂದ ನೇರ ಸ್ಮಶಾನದ ದಾರಿಗೆ ಹೋದೆ. ನನ್ನ ನೆನಪಿನಲ್ಲಿ, ಈರಬಸಪ್ಪನ ನೆನಪಿನಲ್ಲೂ, ಆ ದಾರಿ ಒಮ್ಮೆಯೂ ಜಾರಿದ್ದಿಲ್ಲ. ಸತ್ತವರು ಯಾರೂ ದರ್ಜಿಯ ಜಗಲಿಗೆ ಹೋಗಿ ಇಳಿದದ್ದಿಲ್ಲ. ಅದರ ಹುಲ್ಲಿಗೆ ಯಾರು ತಾನೇ ಚೊಂಬು ಹಿಡಿದು ಬರುತ್ತಾರೆ? ಬಿದ್ದರೆ ಮಳೆ, ಇಲ್ಲದಿದ್ದರೆ ಬೇಸಿಗೆಯಲ್ಲಿ ನಮ್ಮ ಆಳುಗಳು ಹದಿನೈದು ದಿನಕ್ಕೊಮ್ಮೆ ಕೊಡಗಟ್ಟಲೆ ಸುರಿದು ಬರುವ ನೀರು. ಹುಲ್ಲು ಕಂದು ಬಣ್ಣಕ್ಕಿತ್ತು, ಚಂದವೇನಿಲ್ಲ. ಸಲಾಕೆ ಹಾಕಿ ಮೀಟಿದೆ. ಅಲುಗಲಿಲ್ಲ. ಪಕ್ಕದಲ್ಲಿ ಅಗೆದು ನೋಡಿದರೆ ಬೇರು ಒಂದೂವರೆ ಗೇಣು. ಆ ದಿನ ದಿನಚರಿಯಲ್ಲಿ ಎರಡೇ ಸಾಲು ಬರೆದೆ. ತೊಟ್ಟಿಲು ದಾರಿ, ಬೇರು ಒಂದು ಬೆರಳು. ಸ್ಮಶಾನದ ದಾರಿ, ಬೇರು ಒಂದೂವರೆ ಗೇಣು.

ಬಾಯಿ ಬಿಡುವುದನ್ನು ತಪ್ಪಿಸಿಕೊಳ್ಳಲು ನಾನು ಮೊದಲು ಹಲಗೆ ಬರೆದೆ. ‘ದಯವಿಟ್ಟು ಹುಲ್ಲಿಗೆ ನೀರು ಹಾಕಬೇಡಿ.’ ಅಕ್ಷರ ಚೆನ್ನಾಗಿ ಬಂದಿತ್ತು. ನಾಲ್ಕು ಹಲಗೆಗಳನ್ನು ದಾರಿಯುದ್ದಕ್ಕೂ ನೆಟ್ಟು ಬಂದೆ. ಮರುದಿನ ನೋಡಿದರೆ ಹಲಗೆಗಳ ಬುಡವೆಲ್ಲ ಕೆಸರು. ಹೂ ಮಾರುವ ಚಂಪಕ್ಕ ನಾಲ್ಕನೆಯ ಹಲಗೆಯ ಬುಡಕ್ಕೆ ನೀರು ಸುರಿಯುತ್ತ ನಿಂತಿದ್ದಳು. “ಹುಲ್ಲಿಗೆ ಬೇಡ ಅಂತ ಬರೆದಿದ್ದಾರಲ್ಲವ್ವಾ, ಪಾಪ, ಈ ಮರಕ್ಕಾದ್ರೂ ಹಾಕೋಣ ಅಂತ” ಎಂದಳು. ಎರಡು ದಿನಕ್ಕೆ ಹಲಗೆಗಳು ಸಾಲಾಗಿ ವಾಲಿದವು. ಅತ್ತಿಗೆಗೆ ಹೇಳಿದರೆ ಅವಳು ಗೋಡೆಗೆ ಆತುಕೊಂಡು ನಕ್ಕು, ನಕ್ಕು, ಕೊನೆಗೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. “ಬಾಯಿ ಬಿಡ್ಬೇಕಾಗುತ್ತೆ ಕಣೆ ವಾರಿ,” ಎಂದಳು. “ನನ್ನ ಸಲುವಾಗಿ ಒಂದ್ಸಲ.”

ಊರಿಗೆ ಹೇಳುವ ಮೊದಲು ಈರಬಸಪ್ಪನಿಗೆ ಹೇಳಬೇಕಿತ್ತು. ಅದೇ ಹೆಚ್ಚು ಕಷ್ಟ. ಅವನು ಮನೆಯ ಕಟ್ಟೆಯ ಮೇಲೆ ಕುಡುಗೋಲು ಮಸೆಯುತ್ತ ಕೂತಿದ್ದ. ನಾನು ಎರಡು ತುಂಡು ಹುಲ್ಲುಹೆಂಟೆಗಳನ್ನು ಅವನ ಮುಂದಿಟ್ಟೆ. ಒಂದು ತೊಟ್ಟಿಲು ದಾರಿಯದು, ಇನ್ನೊಂದು ಸ್ಮಶಾನದ ದಾರಿಯದು. ಅವನು ಬೇರುಗಳನ್ನು ಬೆರಳಲ್ಲಿ ನೀವಿ ನೋಡಿದ. ಹುಲ್ಲಿನ ವಿಷಯದಲ್ಲಿ ಅವನಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಮಸೆಯುವ ಕಲ್ಲನ್ನು ಕೆಳಗಿಟ್ಟ.

“ಗಂಗಿ ಹಾಕಿದ ನೀರೇ ಕೆಡಿಸ್ತು ಅಂತೀಯಾ?”

ಇಲ್ಲ ಎಂದರೆ ಸುಳ್ಳು, ಹೌದು ಎಂದರೆ ಇವನನ್ನು ಕಳೆದುಕೊಳ್ಳುತ್ತೇನೆ. ಕೊನೆಗೆ, “ತಾತ, ಅಜ್ಜಿ ಹೆಂಗೆ ಹಾಕ್ತಿದ್ರು?” ಎಂದು ಕೇಳಿದೆ. ಕೇಳಿದ್ದು ತಿಳಿದುಕೊಳ್ಳುವುದಕ್ಕೇ, ಜಾಣತನಕ್ಕಲ್ಲ.

ಅವನು ಬೀದಿಯ ಕಡೆ ನೋಡಿದ. “ಹೆಂಗೆ ಅಂದ್ರೆ... ಕೊಡದಲ್ಲಿ. ಒಂದಿನಕ್ಕೆ ಎರಡು ಮಾರು ಜಾಗ, ಅಷ್ಟೇ. ಹತ್ತು ಕೊಡ, ಹನ್ನೆರಡು ಕೊಡ, ಎಲ್ಲ ಅಲ್ಲಿಗೇ. ನಾನು ಬೈತಿದ್ದೆ, ಅಷ್ಟು ಉದ್ದ ದಾರಿ ಒಣಗ್ತಾ ಐತೆ, ನೀನು ಇಲ್ಲೇ ಕೂತಿದೀಯಲ್ಲೇ ಅಂತ. ಅವ್ಳು ನೆಲಕ್ಕೆ ಕಿವಿ ಇಟ್ಕೊಂಡು, ಇರು ಇನ್ನೂ ಕುಡೀತಾ ಐತೆ, ಅನ್ನೋಳು. ಕುಡಿಯೋದು ನಿಂತ್ಮೇಲೆ ಮುಂದಿನ ಜಾಗ. ತಿರುಗಿ ಅದೇ ಜಾಗಕ್ಕೆ ಬರೋಕೆ ಇಪ್ಪತ್ತು ದಿನ...” ಅವನ ಕೈ ಹೆಂಟೆಯ ಮೇಲೆಯೇ ಇತ್ತು. “ಚೊಂಬು ಅವ್ಳದಲ್ಲ ಕಣವ್ವಾ,” ಎಂದ ಆಮೇಲೆ, ಇಷ್ಟು ವರ್ಷ ಎಲ್ಲೋ ಇಟ್ಟು ಮರೆತ ವಸ್ತು ಸಿಕ್ಕಿದವನಂತೆ. “ಚೊಂಬು ಕೊನೇ ವರ್ಷದ್ದು. ಕೊಡ ಹೊರೋಕೆ ಆಗ್ತಿರ್ಲಿಲ್ಲ ಅವ್ಳಿಗೆ. ಜನ ನೋಡಿದ್ದು ಅದನ್ನೇ.”

“ನೀವೇ ಹೇಳಿ ತಾತ ಎಲ್ಲರಿಗೂ. ನಿಮ್ಮ ಮಾತು ಕೇಳ್ತಾರೆ.”

“ನಾನು ಹೇಳಿದ್ರೆ ಮುದುಕನಿಗೆ ಅರಳುಮರಳು ಅಂತಾರೆ. ಬೇರು ಕಂಡೋಳು ನೀನು. ನೀನೇ ಹೇಳು, ನಾನು ಪಕ್ಕದಲ್ಲಿ ನಿಲ್ತೀನಿ.” ಮತ್ತೆ ಕುಡುಗೋಲು ಎತ್ತಿಕೊಂಡು ಅಂದ, “ಆದ್ರೆ ಒಂದು ಯೋಚ್ನೆ ಮಾಡು. ಮೂವತ್ತು ವರ್ಷ ಚೊಂಬು ಹಿಡಿದ ಕೈ ಅವು. ಬರೀ ಬೇಡ ಅಂದ್ರೆ ಆ ಕೈ ಎಲ್ಲಿ ಇಟ್ಕೋಬೇಕು ಜನ?”

ಆ ಮಾತು ನನ್ನನ್ನು ಎರಡು ದಿನ ಕಾಡಿತು. ಉತ್ತರ ಸಿಕ್ಕಿದ್ದು ತುಂಗಮ್ಮನ ಅಂಗಳದಲ್ಲಿ. ಅವಳು ಒಂದೇ ಬಿಂದಿಗೆ ನೀರಲ್ಲಿ ಬಟ್ಟೆ ಹಿಂಡಿ, ಅದೇ ನೀರಲ್ಲಿ ನೆಲ ಒರೆಸಿ, ಅದೇ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದಳು. ಪಕ್ಕದಲ್ಲಿ ಎರಡು ಎತ್ತು ಮಲಗುವಷ್ಟು ದೊಡ್ಡ ಕಲ್ಲುತೊಟ್ಟಿ ಬಣ್ಣಗೆಟ್ಟು ಒಣಗಿತ್ತು. ಅದರೊಳಗೆ ಒಂದು ಬೆಕ್ಕು ಮರಿ ಹಾಕಿತ್ತು. ದಿನಕ್ಕೆ ನೂರಾರು ಚೊಂಬು ನೀರು ಈ ಮನೆಯ ದಾರಿಯುದ್ದಕ್ಕೂ ಚೆಲ್ಲಿ, ಇವಳ ಬಾಗಿಲ ಮುಂದೆ ಖಾಲಿ ಚೊಂಬುಗಳು ಹಾದು ಹೋಗುತ್ತಿದ್ದವು.

ಮರುದಿನ ಬೆಳಿಗ್ಗೆ ಬಾವಿಯ ಹತ್ತಿರ ಜನ ಚೊಂಬು ತುಂಬಿಕೊಳ್ಳುವ ಹೊತ್ತಿಗೆ ನಾನು ಕಟ್ಟೆ ಹತ್ತಿ ನಿಂತೆ. ಹೇಳಬೇಕಾದ್ದನ್ನು ದಿನಚರಿಯಲ್ಲಿ ಬರೆದುಕೊಂಡಿದ್ದೆ. ಪುಟ ತೆಗೆದರೆ ಅಕ್ಷರಗಳು ಕುಣಿದವು. ಮುಚ್ಚಿಬಿಟ್ಟೆ. ಈರಬಸಪ್ಪ ಎರಡು ಹೆಂಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ. ನಾನು ಅವನ್ನು ತೆಗೆದುಕೊಂಡು ಬುಡಮೇಲು ಮಾಡಿ ಹಿಡಿದೆ. “ಇದು ತೊಟ್ಟಿಲು ದಾರಿ,” ಎಂದೆ. “ಇದು ಸ್ಮಶಾನದ ದಾರಿ.” ಮೊದಲ ಮಾತಿಗೇ ಜನ ಸುಮ್ಮನಾದರು. ಈ ಹುಡುಗಿಗೆ ಇಷ್ಟು ದನಿ ಇದೆಯೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ.

ನಿವೃತ್ತ ರುದ್ರಮುನಿ ಮೇಷ್ಟರು ಚೊಂಬನ್ನು ಎದೆಗೆ ಒತ್ತಿಕೊಂಡು, “ಪ್ರೀತಿಯಿಂದ ಹಾಕಿದ ನೀರು ಹಾಳು ಮಾಡುತ್ತಾ? ಇದ್ಯಾವ ಶಾಸ್ತ್ರ ತಂಗಿ?” ಎಂದರು.

“ಮೇಷ್ಟ್ರೇ, ಮಗು ಉತ್ತರ ಯೋಚನೆ ಮಾಡೋಕೆ ಮೊದ್ಲೇ ನೀವು ಹೇಳಿಕೊಟ್ರೆ ಅದು ಕಲಿಯುತ್ತಾ?” ಎಂದೆ. ಜನ ನಕ್ಕರು. ಮೇಷ್ಟರೂ ನಕ್ಕರು, ಆದರೆ ಚೊಂಬನ್ನು ಕೆಳಗಿಡಲಿಲ್ಲ. “ಚೊಂಬು ಬಿಡೋದು ಬೇಡ,” ಎಂದೆ ನಾನು. “ತುಂಬಿಸ್ಕೊಳ್ಳಿ. ಆದರೆ ದಾರೀಲಿ ಒಂದು ತೊಟ್ಟೂ ಚೆಲ್ಲಬೇಡಿ. ಮೇಲೆ ತುಂಗಮ್ಮನ ತೊಟ್ಟಿಗೆ ಸುರೀರಿ. ಎಂಟು ದಿನಕ್ಕೊಮ್ಮೆ ನಮ್ಮ ಆಳುಗಳು ಆ ನೀರಲ್ಲಿ ಅರ್ಧ ಇಳಿಸಿ ಒಂದೊಂದೇ ಜಾಗಕ್ಕೆ ಹಾಕ್ತಾರೆ, ನೆಲ ಕುಡಿಯೋದು ನಿಲ್ಲಿಸೋವರೆಗೂ. ಉಳಿದದ್ದು ಬಾಣಂತಿಯರಿಗೆ. ಗಂಗವ್ವಜ್ಜಿ ಹಾಕ್ತಿದ್ದದ್ದು ಹಾಗೇ.” ಈರಬಸಪ್ಪ ತಲೆಯಾಡಿಸಿ, “ಹಂಗೇ,” ಎಂದ, ಎಲ್ಲರಿಗೂ ಕೇಳುವಂತೆ. “ಮೊಣಕೈಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೀರಿ,” ಎಂದೂ ಸೇರಿಸಿದೆ. “ಮೂವರು ಜೊತೆಯಾಗಿ ಹರಟುತ್ತ ಬಂದು ಅಂಚನ್ನೆಲ್ಲ ತುಳಿದು ಕಲ್ಲು ಮಾಡಿದ್ದೀರಿ.” ಚಂಪಕ್ಕ ಕೆನ್ನೆ ಕೆನ್ನೆ ಬಡಿದುಕೊಂಡು, “ಬಾಯಿ ಇಲ್ಲದ ಕೂಸು ಅಂತಿದ್ವಲ್ಲೇ!” ಎಂದಳು.

ಒಂದು ಹನಿ ಚೆಲ್ಲದೆ ದಿಣ್ಣೆ ಹತ್ತುವುದು ಊರಿಗೆ ಹೊಸ ಆಟವಾಯಿತು. ಜನ ಮಾತು ನಿಲ್ಲಿಸಿ, ಚೊಂಬಿನ ಬಾಯಿಯನ್ನೇ ನೋಡುತ್ತ, ಅಳೆದು ಹೆಜ್ಜೆ ಇಟ್ಟರು. ಬೆಕ್ಕು ಮರಿಗಳನ್ನು ಕಚ್ಚಿಕೊಂಡು ತುಂಗಮ್ಮನ ಕಟ್ಟಿಗೆ ಮನೆಗೆ ಹೋಯಿತು. ನಾವು ಗಟ್ಟಿ ನೆಲಕ್ಕೆ ಸಲಾಕೆಯಿಂದ ಗೇಣಿಗೊಂದು ತೂತು ಹೊಡೆದು ಜರಡಿ ಹಿಡಿದ ಗೊಬ್ಬರ ತುಂಬಿದೆವು. ಬೋಳಾದ ಕಡೆ ಗರಿಕೆಯ ಗೆಣ್ಣುಗಳನ್ನು ಊರಿದೆವು. ಆದರೆ ಹುಲ್ಲು ಒಂದು ವಾರಕ್ಕೆ ಹಳದಿಯಾಯಿತು. ಆಗಲೇಬೇಕು, ಅಭ್ಯಾಸ ತಪ್ಪಿದ ಹುಲ್ಲು ಮೊದಲು ಮುನಿಸಿಕೊಳ್ಳುತ್ತದೆ. ನನಗೆ ಅದು ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ. ಹನ್ನೆರಡನೆಯ ದಿನ ದಾರಿ ಮತ್ತೆ ಜಾರಿ ಅರ್ಧ ದಿನ ಇಟ್ಟಿಗೆ ಗೂಡಿನಲ್ಲಿ ಕೂತಿತು. ಆ ಸಂಜೆ ಮೇಷ್ಟರು ಏಳೆಂಟು ಜನರ ಜೊತೆ ನಮ್ಮ ಬಾಗಿಲಿಗೆ ಬಂದರು. ದಾರಿ ತಂದವರಲ್ಲ, ಬೇಕೆಂದೇ ಬಂದವರು.

“ಸಾಕು ತಂಗಿ,” ಎಂದರು ಮೇಷ್ಟರು. “ನಾಳೆಯಿಂದ ಹಳೇ ಪದ್ಧತಿ.” ಅಣ್ಣ ನನ್ನ ಕಡೆ ತಿರುಗಿದ. “ನಿಲ್ಲಿಸಿಬಿಡು ವಾರಿ. ಹೆಚ್ಚುಕಮ್ಮಿ ಆದ್ರೆ...” ಎಂದು ಅಲ್ಲಿಗೇ ಬಿಟ್ಟ. ಈಗ ನೀರು ಚಿಮುಕಿಸಿದರೆ ಹನ್ನೆರಡು ದಿನ ಕೆಳಗಿಳಿದ ಬೇರು ಮತ್ತೆ ಮೇಲಕ್ಕೆ ಬಂದುಬಿಡುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಒಳಗಿನಿಂದ ಅತ್ತಿಗೆ ಬಂದಳು. ಸೊಂಟದ ಮೇಲೆ ಕೈ, ಏದುಸಿರು.

“ಮೇಷ್ಟ್ರೇ, ಆ ದಾರೀಲಿ ನಡೀಬೇಕಾದವಳು ನಾನು. ನೀವು ಹೋಗೋದು ಗಾಳಿ ಕುಡಿಯೋಕೆ,” ಎಂದಳು. “ನನ್ನ ನಾದಿನಿ ಸುಳ್ಳು ಹೇಳಲ್ಲ. ಸುಳ್ಳು ಹೇಳೋಕೂ ಬಾಯಿ ಬಿಡ್ಬೇಕಲ್ಲ, ಅದೇ ಇವಳಿಗೆ ಕಷ್ಟ. ಅಂಥವಳು ಬಾವಿಕಟ್ಟೆ ಹತ್ತಿ ಕೂಗಿದ್ದಾಳೆ ಅಂದ್ರೆ ನಿಜ ಇರ್ಲೇಬೇಕು. ನನಗಿಲ್ಲದ ಹೆದರಿಕೆ ನಿಮಗ್ಯಾಕೆ? ಕೂತ್ಕೊಳ್ಳಿ, ಮಜ್ಜಿಗೆ ತರ್ತೀನಿ.” ಮೇಷ್ಟರು ಕೂತರು. ಮಜ್ಜಿಗೆ ಕುಡಿದು, ಹೋಗುವಾಗ ನನ್ನ ತಲೆ ಮುಟ್ಟಿ ಹೋದರು. ಅತ್ತಿಗೆ ಬಾಗಿಲು ಹಾಕಿ, ನನ್ನ ಕಿವಿ ಹಿಡಿದು, “ಬೇರು ಎಷ್ಟುದ್ದ ಆಗಿದೆಯೇ? ನಿಜ ಹೇಳು” ಎಂದು ಪಿಸುಗುಟ್ಟಿದಳು. ಅವಳ ಬೆರಳು ತಣ್ಣಗಿತ್ತು. “ನಾಲ್ಕು ಬೆರಳು,” ಎಂದೆ. “ಸಾಲದು, ಆದ್ರೆ ಇಳೀತಾ ಇದೆ.”

ಆಮೇಲೆ ದಾರಿ ಜಾರಲಿಲ್ಲ. ನಾಲ್ಕು ವಾರಕ್ಕೆ ಹಳದಿಯ ನಡುವೆ ಹೊಸ ಚಿಗುರು ಕಂಡಿತು, ಮೊದಲಿನಷ್ಟು ಹೊಳಪಿಲ್ಲದ, ಒರಟಾದ ಹಸಿರು. ನಾನು ಮೂರು ದಿನಕ್ಕೊಮ್ಮೆ ಸಲಾಕೆ ಹಾಕಿ ನೋಡಿ ಬರೆದೆ. ಐದು ಬೆರಳು. ಆರು. ಮೊಣಕೈಯ ಒಳಮಗ್ಗುಲಲ್ಲಿ ಮಾತ್ರ ಹುಲ್ಲು ಇನ್ನೂ ತೆಳ್ಳಗೇ ಇತ್ತು. ಅಲ್ಲಿಗೆ ಇನ್ನೊಂದು ಸಲ ನೀರು ಇಳಿಸಬೇಕಾಗಿದ್ದ ದಿನಕ್ಕೆ ಎರಡು ದಿನ ಮೊದಲೇ, ತುಂಗಮ್ಮ ಹೇಳಿದ್ದಕ್ಕಿಂತ ಹನ್ನೊಂದು ದಿನ ಮುಂಚೆ, ಬೆಳಗಿನ ರೊಟ್ಟಿ ತಟ್ಟುತ್ತಿದ್ದ ಅತ್ತಿಗೆ ಕೈಯನ್ನು ಹಿಟ್ಟಿನ ಮೇಲೆಯೇ ನಿಲ್ಲಿಸಿ, “ವಾರಿ, ನಿನ್ನ ಹುಲ್ಲು ಏನನ್ನುತ್ತೆ ಕೇಳು. ಇವತ್ತೇ ಅಂತೆ ಇದಕ್ಕೆ” ಎಂದಳು.

ಅಣ್ಣ ಒಂದು ತೋಳು, ನಾನು ಒಂದು ತೋಳು ಹಿಡಿದು ಹೊರಟೆವು. ಬಾವಿಯ ಹತ್ತಿರ ಬೆಳಗಿನವರೆಲ್ಲ ಇದ್ದರು. ನಮ್ಮನ್ನು ಕಂಡು ಯಾರೂ ಏನೂ ಕೇಳದೆ ಚೊಂಬು ತುಂಬಿಕೊಂಡು ಒಬ್ಬರ ಹಿಂದೆ ಒಬ್ಬರಾಗಿ ಹಿಂಬಾಲಿಸಿದರು. ಮುಂದೆ ಈರಬಸಪ್ಪ ಅಲ್ಲಲ್ಲಿ ಬಾಗಿ ಅಂಗೈ ಊರಿ ನೋಡುತ್ತ ನಡೆದ. ಅತ್ತಿಗೆ ನೋವು ಬಂದಾಗ ನಿಲ್ಲುವುದು, ಹೋದಾಗ ಅಣ್ಣನನ್ನು ಬೈಯುವುದು. “ನಿಮ್ಮಪ್ಪನ ಹಾಗೆ ನೀವೂ ಬೇರೆ ಮನೆಗೆ ಹೋಗಿದ್ರೆ ನಾನು ಇವತ್ತು ಹಾಯಾಗಿರ್ತಿದ್ದೆ!” ಹಿಂದೆ ಯಾರೋ ನಕ್ಕು, ಚೊಂಬು ತುಳುಕಿಸಿ, ನಾಲಿಗೆ ಕಚ್ಚಿಕೊಂಡರು.

ಮೊಣಕೈಗೆ ಬಂದಾಗ ಕಾಲ ಕೆಳಗೆ ದಾರಿ ಅಲುಗಿತು. ನಿದ್ದೆಯಲ್ಲಿದ್ದವರು ಮಗ್ಗುಲು ಬದಲಿಸಲು ಹೊರಟು ಸ್ವಲ್ಪ ಮಿಸುಕಿದ ಹಾಗೆ. ನಮ್ಮೂರಿನವರಿಗೆಲ್ಲ ಆ ಅಲುಗಾಟ ಗೊತ್ತು. ಅದರ ಬೆನ್ನಿಗೇ ಜಾರುವುದು. ಎಲ್ಲರೂ ಕಲ್ಲಾಗಿ ನಿಂತೆವು. ತಿರುವಿನಾಚೆ ಕಾಣುತ್ತಿದ್ದ ಹೆರಿಗೆ ಮನೆಯ ನೀಲಿ ಬಾಗಿಲು ಮಸುಕಾಯಿತು, ಅದರ ಜಾಗದಲ್ಲಿ ಇಟ್ಟಿಗೆ ಗೂಡಿನ ಹೊಗೆಯಂಥದ್ದೇನೋ ತೇಲಿತು. ಮೇಷ್ಟರು ತಡೆಯಲಾರದೆ ಚೊಂಬನ್ನು ಎತ್ತಿ ಒಳಮಗ್ಗುಲ ತೆಳು ಹುಲ್ಲಿನ ಕಡೆ ಬಗ್ಗಿಸಿದರು. ಅವರ ಹಿಂದೆ ಹತ್ತು ಚೊಂಬು ಎದ್ದವು. ಮೂವತ್ತು ವರ್ಷದ ಕೈಗಳು.

“ಸುರೀಬೇಡಿ!” ಎಂದು ಕೂಗಿದೆ. ದಿಣ್ಣೆಗೆಲ್ಲ ಕೇಳಿರಬೇಕು. “ಸಡಿಲ ಮಣ್ಣಿಗೆ ಈಗ ಮೇಲಿಂದ ನೀರು ಬಿದ್ದರೆ ಇದ್ದ ಹಿಡಿತವೂ ಹೋಗುತ್ತೆ. ಕೆಳಗೆ ಹಿಡ್ಕೊಂಡಿದೆ ಅದು. ಬಿಡಿ, ಹಿಡ್ಕೊಳ್ಳಲಿ.” ಈರಬಸಪ್ಪ ಆಗಲೇ ಹುಲ್ಲಿನ ಮೇಲೆ ಬೋರಲಾಗಿ ಮಲಗಿ ಕಿವಿ ಊರಿದ್ದ. ಮೇಷ್ಟರ ಚೊಂಬಿನ ಬಾಯಿಯಲ್ಲಿ ನೀರು ಅಂಚಿಗೆ ಬಂದು ನಿಂತಿತ್ತು. ಅವರು ನನ್ನನ್ನು ನೋಡಿದರು. ಎಷ್ಟು ಹೊತ್ತು ಹಾಗೆ ನಿಂತೆವೋ. ಅತ್ತಿಗೆಯ ಉಗುರು ನನ್ನ ಮಣಿಕಟ್ಟಿನಲ್ಲಿ ಊರಿತ್ತು, ಆ ನಾಲ್ಕು ಗುರುತು ಈಗಲೂ ಇದೆ. ನೆಲ ಇನ್ನೊಮ್ಮೆ ಮಿಸುಕಿತು, ಆಮೇಲೆ ಸುಮ್ಮನಾಯಿತು. ನೀಲಿ ಬಾಗಿಲು ತಿರುಗಿ ನೀಲಿಯಾಯಿತು. “ಹಿಡಿದೈತೆ,” ಎಂದ ಈರಬಸಪ್ಪ, ಮಣ್ಣು ಮೆತ್ತಿದ ಕೆನ್ನೆ ಎತ್ತಿ. “ನಡೀರವ್ವಾ.” ಮೇಷ್ಟರು ಚೊಂಬನ್ನು ನೆಟ್ಟಗೆ ಮಾಡಿಕೊಂಡರು. ಒಂದು ತೊಟ್ಟೂ ಬಿದ್ದಿರಲಿಲ್ಲ.

ತುಂಗಮ್ಮ ಬಾಗಿಲಲ್ಲೇ ಅತ್ತಿಗೆಯನ್ನು ಎಳೆದುಕೊಂಡು ಕದ ಹಾಕಿದಳು. ನಾವೆಲ್ಲ ಅಂಗಳದಲ್ಲಿ ಕೂತೆವು. ಬಂದವರು ಒಬ್ಬೊಬ್ಬರಾಗಿ ತೊಟ್ಟಿಗೆ ಚೊಂಬು ಸುರಿದು ಹೋಗಿ ಕೂತರು. ಯಾರೂ ಗಾಳಿ ಬಯಲಿಗೆ ಹೋಗಲಿಲ್ಲ. ಅಣ್ಣ ಕಟ್ಟಿಗೆ ಮನೆಯ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಅದಕ್ಕೇ ಏನೋ ಹೇಳುತ್ತಿದ್ದ. ಬಿಸಿಲು ತಲೆಯ ಮೇಲೆ ಬಂತು. ಒಳಗೆ ಅತ್ತಿಗೆಯ ಕೂಗು ಏರಿ, ಇಳಿದು, ಏರಿ, ಕೊನೆಗೆ ನಿಂತಿತು. ನಿಂತೇ ಇತ್ತು. ಆಮೇಲೆ ಸಣ್ಣದಾಗಿ, ಸಿಟ್ಟು ಬಂದಂತೆ, ಬೇರೆಯೇ ಒಂದು ದನಿ.

“ಹೆಣ್ಣು!” ತುಂಗಮ್ಮ ಕದ ತೆರೆದು ಕೂಗಿದಳು. “ತಿರುಗ್ಸೋಷ್ಟರಲ್ಲಿ ಜೀವ ಬಾಯಿಗೆ ಬಂತು ನನಗೆ. ತಾಯಿ ಮಗು ಇಬ್ರೂ ಗಟ್ಟಿ. ಏನು ನೋಡ್ತಿದೀರಿ, ನೀರು ಕಾಯ್ಸಿ!” ಇಷ್ಟು ವರ್ಷ ಅವಳು ಆ ಮಾತನ್ನು ಇಷ್ಟು ಧಾರಾಳವಾಗಿ ಹೇಳಿರಲಿಕ್ಕಿಲ್ಲ. ತೊಟ್ಟಿ ತುಂಬಿ ಅಂಚಿನಲ್ಲಿ ತುಳುಕುತ್ತಿತ್ತು. ಚಂಪಕ್ಕ ಒಲೆ ಹಚ್ಚಿದಳು, ಅಣ್ಣ ಹಂಡೆ ತುಂಬಿಸಿದ. ಇಡೀ ಊರು ಹೊತ್ತು ತಂದ ನೀರಲ್ಲಿ ನನ್ನ ಸೋದರಸೊಸೆ ಮೊದಲ ಸ್ನಾನ ಮಾಡಿದಳು. ಒಳಗೆ ಹೋದಾಗ ಅತ್ತಿಗೆ ಕಣ್ಣು ಮುಚ್ಚಿಕೊಂಡೇ, “ಮೊಣಕೈ ಹತ್ರ ಕೂಗಿದ್ದು ಯಾರೇ? ಗುರುತೇ ಸಿಗಲಿಲ್ಲ” ಎಂದಳು.

ತಾಯಿ ಮಗುವಿನ ಸ್ನಾನದ ನೀರನ್ನೆಲ್ಲ ತುಂಗಮ್ಮ ದೊಡ್ಡ ತಪ್ಪಲೆಗಳಲ್ಲಿ ಹಿಡಿದಿಟ್ಟಿದ್ದಳು, ಹಳೆಯ ಅಭ್ಯಾಸ. ನೀರು ತಣ್ಣಗಾದ ಮೇಲೆ ಈರಬಸಪ್ಪ ಅದನ್ನು ಕೊಡಕ್ಕೆ ಬಗ್ಗಿಸಿ ಹೆಗಲಿಗೇರಿಸಿದ. ಬೇಡವೆಂದರೂ ಕೇಳಲಿಲ್ಲ. ನಾನು ಇನ್ನೊಂದು ಕೊಡ ಹೊತ್ತು ಅವನ ಹಿಂದೆ ಇಳಿದೆ. ಇನ್ನೂ ಬಿಸಿಲಿತ್ತು. ಮೊಣಕೈಯ ಒಳಮಗ್ಗುಲಲ್ಲಿ ಅವನು ಕೊಡ ಇಳಿಸಿ, ಅದೇ ತೆಳು ಹುಲ್ಲಿನ ಬುಡಕ್ಕೆ, ಒಂದೇ ಕಡೆ, ಮಣ್ಣು ಕೊಚ್ಚಿಹೋಗದಂತೆ ಅಂಗೈ ಅಡ್ಡ ಹಿಡಿದು ನಿಧಾನವಾಗಿ ಬಗ್ಗಿಸಿದ. ಮೊದಲ ಕೊಡ ಮುಗಿಯಿತು. ಎರಡನೆಯದಕ್ಕೆ ಕೈ ಹಾಕಿ, ನನ್ನ ಮುಖ ನೋಡಿದ.

“ಸಾಕೇನವ್ವಾ? ನೀನು ಹೇಳ್ದಂಗೆ.”

ನಾನು ಹುಲ್ಲಿನ ಮೇಲೆ ಮಲಗಿ ನೆಲಕ್ಕೆ ಕಿವಿ ಇಟ್ಟೆ. ತಣ್ಣಗೆ, ಬಹಳ ಕೆಳಗೆ, ಬಾಯಾರಿದವರು ಅವಸರವಿಲ್ಲದೆ ಕುಡಿಯುವ ಸದ್ದು.

“ಇನ್ನೂ ಕುಡೀತಾ ಇದೆ ತಾತ,” ಎಂದೆ. “ಸುರೀರಿ.”